ಎಚ್‌ಐವಿ ಇದ್ದು ಬಸುರಿಯಾದಾಗ ಡೌನ್ ಸಿಂಡ್ರೋಮ್ ಟೆಸ್ಟ್: ಮುಂಬೈ ಕನ್ನಡತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೇಲ್, ಸಾಯನ್ ಕಡೆಯ ದೊಡ್ಡಾಸ್ಪತ್ರೆಗಳ ಸಾಲಿನಲ್ಲಿ ಒಮ್ಮೆ ನಿಂತವರಿಗೆ ಗೊತ್ತು. ಅಲ್ಲಿ ಎಲ್ಲ ಮಾತೂ ಮರಾಠಿ, ಹಿಂದಿ. ‘ಡಬಲ್ ಮಾರ್ಕರ್ ಕರೂನ್ ಘ್ಯಾ’ (ಡಬಲ್ ಮಾರ್ಕರ್ ಟೆಸ್ಟ್ ಮಾಡಿಸಿಕೊಳ್ಳಿ) ಎಂದು ಚೀಟಿ ಕೈಗಿಟ್ಟು ಮುಂದಿನವರನ್ನು ಕರೆಯುತ್ತಾರೆ. ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ಅದರಿಂದ ಏನು ತಿಳಿಯಬೇಕು? ನಾನು ಡಾಕ್ಟರಲ್ಲ. ಡೊಂಬಿವಲಿಯಲ್ಲಿದ್ದೇನೆ. ನಮ್ಮ ಕಡೆಯ ಬಸುರಿಯರ ಜೊತೆ ಆಸ್ಪತ್ರೆಗೆ ಹೋಗಿ ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸುವ ಕೆಲಸ ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಅವರಲ್ಲಿ ಎಚ್‌ಐವಿ ಇರುವವರೂ ಇದ್ದರು. ಅವರು ಲೋಕಲ್ ಟ್ರೇನಿನಲ್ಲಿ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ ಪ್ರಶ್ನೆಗಳೇ ಇವು.

ನನಗೆ ಎಚ್‌ಐವಿ ಇದೆ. ಅದಕ್ಕೇ ಮಗುವಿಗೆ ಡೌನ್ ಸಿಂಡ್ರೋಮ್ ಬರುತ್ತದಾ?

ಇಲ್ಲ. ಇದೊಂದು ಕಥೆ, ಅದೊಂದು ಕಥೆ. ಎಚ್‌ಐವಿ ಒಂದು ವೈರಸ್. ಡೌನ್ ಸಿಂಡ್ರೋಮ್ ರೋಗ ಅಂಟಿಕೊಂಡು ಬರುವಂಥದ್ದಲ್ಲ. ನಮ್ಮ ಪ್ರತಿ ಜೀವಕೋಶದಲ್ಲಿ 46 ಕ್ರೋಮೋಸೋಮ್ (ಹುಟ್ಟುಗುಣಗಳನ್ನು ಹೊತ್ತ ಎಳೆಗಳು) ಇರುತ್ತವೆ, 23 ಜೋಡಿ. 21ನೇ ಜೋಡಿಯಲ್ಲಿ ಎರಡರ ಬದಲು ಮೂರು ಬಂದರೆ ಡೌನ್ ಸಿಂಡ್ರೋಮ್. 18ರಲ್ಲಿ ಮೂರಾದರೆ ಎಡ್ವರ್ಡ್ಸ್, 13ರಲ್ಲಿ ಆದರೆ ಪಟಾವ್. ಈ ಎರಡೂ ಅಪರೂಪ, ಆದರೆ ಜಾಸ್ತಿ ಗಂಭೀರ. ಈ ಲೆಕ್ಕ ತಪ್ಪುವುದು ಹೆಚ್ಚಾಗಿ ತಾಯಿಯ ಅಂಡ ತಯಾರಾಗುವಾಗಲೇ. ನಿಮ್ಮ ವೈರಸ್ಸಿಗೂ ಅದಕ್ಕೂ ಸಂಬಂಧ ಇಲ್ಲ, ನೀವು ನುಂಗುವ ಗುಳಿಗೆಗೂ ಇಲ್ಲ.

ಸಂಬಂಧ ಇರುವುದು ವಯಸ್ಸಿಗೆ. 25ರ ತಾಯಿಗೆ ಡೌನ್ ಮಗು ಹುಟ್ಟುವ ಸಾಧ್ಯತೆ ಸುಮಾರು 1,250ರಲ್ಲಿ 1. 35ಕ್ಕೆ ಸುಮಾರು 350ರಲ್ಲಿ 1. 40ಕ್ಕೆ 100ರಲ್ಲಿ 1. ಪಕ್ಕದ ಮನೆಯ ಎಚ್‌ಐವಿ ಇಲ್ಲದ ಹೆಂಗಸಿಗೂ ಇದೇ ಲೆಕ್ಕ.

ಹಾಗಾದರೆ ನನಗೇ ಯಾಕೆ ಈ ಟೆಸ್ಟ್ ಬರೆದರು?

ನಿಮಗೇ ಅಂತ ಬರೆದಿಲ್ಲ. ಎಲ್ಲ ಬಸುರಿಯರಿಗೂ ಈ ಟೆಸ್ಟಿನ ವಿಷಯ ಹೇಳಬೇಕು. ಮಾಡಿಸುವುದು, ಬಿಡುವುದು ನಿಮ್ಮ ಇಷ್ಟ. ನಾನು ಉಲ್ಟಾ ಕಥೆಯನ್ನೂ ಕಂಡಿದ್ದೇನೆ. ‘ಇವಳಿಗೆ ಮೊದಲೇ ಎಚ್‌ಐವಿ, ಇದೆಲ್ಲ ಯಾಕೆ’ ಎಂದು ಚೀಟಿಯನ್ನೇ ಕೊಡದೆ ಕಳಿಸಿದ್ದರು. ಅದು ತಪ್ಪು. ನಿಮಗೆ ಬರೆದಿಲ್ಲ ಅಂದರೆ ನೀವೇ ಬಾಯಿಬಿಟ್ಟು ಕೇಳಿ.

ಯಾವ ಟೆಸ್ಟ್ ಯಾವಾಗ? ನನಗೆ ವಾರಗಳ ಲೆಕ್ಕವೇ ಹಿಡಿಯುವುದಿಲ್ಲ.

ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ. ತಾರೀಖು ನೆನಪಿಲ್ಲದಿದ್ದರೆ ಮೊದಲ ಸೋನೋಗ್ರಫಿಯಲ್ಲಿ ಮಗುವಿನ ಉದ್ದ ಅಳೆದು ಹೇಳುತ್ತಾರೆ. ಅದಕ್ಕೇ ಆ ಮೊದಲ ಸೋನೋಗ್ರಫಿ ತಪ್ಪಿಸಬಾರದು.

11 ವಾರ ತುಂಬಿದ ಮೇಲೆ, 14 ತುಂಬುವುದರೊಳಗೆ ಎನ್‌ಟಿ ಸ್ಕ್ಯಾನ್. ಮಗುವಿನ ಕತ್ತಿನ ಹಿಂದೆ ಚರ್ಮದ ಕೆಳಗೆ ತುಸು ನೀರು ನಿಂತಿರುತ್ತದೆ. ಅದರ ದಪ್ಪ ಅಳೆಯುತ್ತಾರೆ. ಅದೇ ಹೊತ್ತಿಗೆ ತೋಳಿನಿಂದ ರಕ್ತ ತೆಗೆದು ಎರಡು ಅಂಶ ನೋಡುತ್ತಾರೆ: ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿ. ಇದೇ ಡಬಲ್ ಮಾರ್ಕರ್. ಸ್ಕ್ಯಾನ್, ರಕ್ತ, ನಿಮ್ಮ ವಯಸ್ಸು, ತೂಕ ಎಲ್ಲ ಸೇರಿಸಿ ಕಂಪ್ಯೂಟರ್ ಒಂದು ಲೆಕ್ಕ ಕೊಡುತ್ತದೆ. ಇವೆಲ್ಲ ಸೇರಿದರೆ 100 ಡೌನ್ ಮಕ್ಕಳಲ್ಲಿ ಸುಮಾರು 85ರಿಂದ 90 ಮಕ್ಕಳು ಸಿಕ್ಕಿಬೀಳುತ್ತಾರೆ.

ಆ ಹೊತ್ತು ತಪ್ಪಿತಾ? 15ರಿಂದ 20 ವಾರದ ನಡುವೆ ಕ್ವಾಡ್ರುಪಲ್ ಮಾರ್ಕರ್ ಇದೆ. ರಕ್ತದಲ್ಲಿ ನಾಲ್ಕು ಅಂಶ ನೋಡುತ್ತಾರೆ. ಸ್ವಲ್ಪ ಕಡಿಮೆ ನಿಖರ. 18ರಿಂದ 20ನೇ ವಾರಕ್ಕೆ ಅನಾಮಲಿ ಸ್ಕ್ಯಾನ್. ಅದರಲ್ಲಿ ಮಗುವಿನ ಹೃದಯ, ಬೆನ್ನುಹುರಿ, ಕಿಡ್ನಿ ಎಲ್ಲ ನೋಡುತ್ತಾರೆ. ಆದರೆ ಆ ಸ್ಕ್ಯಾನ್ ನಾರ್ಮಲ್ ಬಂದರೆ ಡೌನ್ ಇಲ್ಲವೇ ಇಲ್ಲ ಅಂತಲ್ಲ. ಎಷ್ಟೋ ಮಕ್ಕಳಲ್ಲಿ ಸ್ಕ್ಯಾನಿಗೆ ಏನೂ ಕಾಣುವುದಿಲ್ಲ.

ನಮ್ಮವರಿಗೆ ಹೊತ್ತು ತಪ್ಪುವುದು ಬಹಳ. ಮೂರು ತಿಂಗಳು ತುಂಬುವವರೆಗೆ ಬಸುರಿ ಅಂತ ಯಾರಿಗೂ ಹೇಳಬಾರದು ಎನ್ನುವ ರೂಢಿ ಇದೆಯಲ್ಲ, ಎನ್‌ಟಿ ಸ್ಕ್ಯಾನಿನ ಬಾಗಿಲು ಮುಚ್ಚುವುದೂ ಸರಿಯಾಗಿ ಅದೇ ಹೊತ್ತಿಗೆ. ಊರಿಗೆಲ್ಲ ಹೇಳಬೇಡಿ, ಬೇಡ. ಆಸ್ಪತ್ರೆಗಾದರೂ ಹೇಳಿ.

ಎಚ್‌ಐವಿ ಇದ್ದರೆ ಈ ರಕ್ತದ ರಿಪೋರ್ಟ್ ತಪ್ಪು ತೋರಿಸುತ್ತದೆ ಅಂತಾರೆ. ನಿಜವಾ?

ಸ್ವಲ್ಪ ಮಟ್ಟಿಗೆ ನಿಜ. ಇದನ್ನು ಆಸ್ಪತ್ರೆಯಲ್ಲೂ ಎಲ್ಲರೂ ಬಿಡಿಸಿ ಹೇಳುವುದಿಲ್ಲ.

ಎಚ್‌ಐವಿ ಇರುವ ಬಸುರಿಯರಲ್ಲಿ ಎಚ್‌ಸಿಜಿ ತುಸು ಜಾಸ್ತಿ ಇರುವುದು ಕಂಡುಬಂದಿದೆ. ಕ್ವಾಡ್ರುಪಲ್‌ನಲ್ಲಿ ನೋಡುವ ಎಎಫ್‌ಪಿ, ಈಸ್ಟ್ರಿಯಾಲ್ ಎನ್ನುವ ಅಂಶಗಳಲ್ಲೂ ಏರುಪೇರು ಕಂಡಿದೆ. ಈಗ ನೋಡಿ, ಡೌನ್ ಮಗು ಇದ್ದಾಗಲೂ ಎಚ್‌ಸಿಜಿ ಏರುತ್ತದೆ. ಕಂಪ್ಯೂಟರಿಗೆ ಅದು ಯಾವ ಕಾರಣಕ್ಕೆ ಏರಿತು ಅಂತ ಗೊತ್ತಾಗುವುದಿಲ್ಲ. ಹೀಗಾಗಿ ಮಗು ಸರಿ ಇದ್ದರೂ ‘ಹೈ ರಿಸ್ಕ್’ ಬೀಳುವ ಸಾಧ್ಯತೆ ಇದೆ. ಪ್ರೊಟಿಯೇಸ್ ಇನ್‌ಹಿಬಿಟರ್ ಎಂಬ ಗುಂಪಿನ ಎಚ್‌ಐವಿ ಗುಳಿಗೆ ತೆಗೆದುಕೊಳ್ಳುವವರಲ್ಲಿ ಇದರ ಉಲ್ಟಾ, ಎಚ್‌ಸಿಜಿ ಇಳಿದಿದ್ದೂ ಇದೆ.

ಸಮಾಧಾನದ ವಿಷಯ ಇದು: ಎನ್‌ಟಿ ಸ್ಕ್ಯಾನಿನ ಅಳತೆಗೂ ಪ್ಯಾಪ್-ಎಗೂ ಎಚ್‌ಐವಿ ತಾಗುವುದಿಲ್ಲ, ಗುಳಿಗೆಯೂ ತಾಗುವುದಿಲ್ಲ. ಆದ್ದರಿಂದ ಬರೀ ರಕ್ತದ ಟೆಸ್ಟನ್ನು ನೆಚ್ಚಿಕೊಳ್ಳುವ ಬದಲು ಮೂರನೇ ತಿಂಗಳಲ್ಲೇ ಸ್ಕ್ಯಾನ್ ಸೇರಿಸಿ ಮಾಡಿಸಿದರೆ ನಿಮಗೆ ಹೆಚ್ಚು ಒಳ್ಳೆಯದು. ಎಲ್ಲರಿಗೂ ಮೂರನೇ ತಿಂಗಳೇ ಸರಿ ಅನ್ನುತ್ತಾರೆ, ನಿಮಗೆ ಇನ್ನೂ ಒಂದು ಕೈ ಮೇಲೆ.

ರಿಪೋರ್ಟಿನಲ್ಲಿ 1:180, ಹೈ ರಿಸ್ಕ್ ಅಂತ ಕೆಂಪಕ್ಷರದಲ್ಲಿ ಇದೆ. ಮಗು ಹೋಯಿತಾ?

ಮೊದಲು ಕುಳಿತುಕೊಳ್ಳಿ. ನೀರು ಕುಡಿಯಿರಿ. 1:180 ಅಂದರೆ ಇಂಥದೇ ರಿಪೋರ್ಟ್ ಬಂದ 180 ಹೆಂಗಸರಲ್ಲಿ ಒಬ್ಬಳ ಮಗುವಿಗೆ ಡೌನ್ ಇರಬಹುದು. ಉಳಿದ 179 ಮಕ್ಕಳಿಗೆ ಇರುವುದಿಲ್ಲ. ಬಹಳ ಲ್ಯಾಬುಗಳು 1:250ರ ಗೆರೆ ಹಾಕಿಕೊಂಡಿರುತ್ತವೆ. ಸಾಧ್ಯತೆ ಆ ಗೆರೆಗಿಂತ ಹೆಚ್ಚಿದ್ದರೆ ಕೆಂಪು. ಇದು ಜರಡಿ ಹಿಡಿದ ಹಾಗೆ. ಜರಡಿಯಲ್ಲಿ ನಿಂತದ್ದೆಲ್ಲ ಕಲ್ಲಲ್ಲ.

ಈ ಕಾಗದ ಒಂದನ್ನೇ ನೋಡಿ ಯಾರಾದರೂ ‘ತೆಗೆಸಿಬಿಡಿ’ ಎಂದರೆ ಆ ಮಾತು ಕೇಳಬೇಡಿ. ಡಾಕ್ಟರ್ ಅಂದರೂ ಸರಿ, ಅತ್ತೆ ಅಂದರೂ ಸರಿ.

ಹೊಟ್ಟೆಗೆ ಸೂಜಿ ಹಾಕದೆ ಬರೀ ರಕ್ತದಲ್ಲೇ ಗೊತ್ತಾಗುವ ದುಬಾರಿ ಟೆಸ್ಟ್ ಇದೆಯಂತಲ್ಲ?

ಅದು ಎನ್‌ಐಪಿಟಿ. ಮಾಸಿನಿಂದ ಉದುರಿದ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತಿರುತ್ತವೆ. 10ನೇ ವಾರದ ನಂತರ ತೋಳಿನ ರಕ್ತದಲ್ಲಿ ಅವನ್ನು ಎಣಿಸಿ, 21ನೇ ಕ್ರೋಮೋಸೋಮ್ ಹೆಚ್ಚಿದೆಯಾ ಅಂತ ನೋಡುತ್ತಾರೆ. ಡೌನ್ ಇದ್ದರೆ 100ರಲ್ಲಿ 99 ಸಲ ಹಿಡಿಯುತ್ತದೆ. ಎಚ್‌ಸಿಜಿಯ ಗೊಂದಲ ಇಲ್ಲಿಲ್ಲ. ಹೊಟ್ಟೆಗೆ ಸೂಜಿಯೂ ಇಲ್ಲ. ಎಚ್‌ಐವಿ ಇರುವವರಿಗೆ ಇದು ದೊಡ್ಡ ಅನುಕೂಲ. ಡಬಲ್ ಮಾರ್ಕರ್ ಹೈ ರಿಸ್ಕ್ ಬಂತು ಅಂತ ನೇರ ಸೂಜಿಗೆ ಹೋಗುವ ಬದಲು ನಡುವೆ ಇದನ್ನು ಮಾಡಿಸಿದರೆ ಎಷ್ಟೋ ಜನಕ್ಕೆ ಸೂಜಿಯೇ ಬೇಕಾಗುವುದಿಲ್ಲ. ಆದರೆ ಎನ್‌ಟಿ ಸ್ಕ್ಯಾನಿನಲ್ಲಿ ಅಳತೆ ಬಹಳ ಜಾಸ್ತಿ ಬಂದಿದ್ದರೆ, ಅಥವಾ ಬೇರೆ ಏನಾದರೂ ದೋಷ ಕಂಡಿದ್ದರೆ, ಡಾಕ್ಟರ್ ಇದನ್ನು ಬಿಟ್ಟು ನೇರ ಸೂಜಿಯ ಟೆಸ್ಟ್ ಹೇಳಬಹುದು.

ಒಂದು ಮಾತು. ಇದೂ ಜರಡಿಯೇ, ತೀರ್ಪಲ್ಲ. ಲೆಕ್ಕ ಹಾಕೋಣ. 30ರ ಆಸುಪಾಸಿನ 10,000 ಹೆಂಗಸರು ಈ ಟೆಸ್ಟ್ ಮಾಡಿಸಿದರು ಅಂದುಕೊಳ್ಳಿ. ಅವರಲ್ಲಿ ಸುಮಾರು 10 ಮಕ್ಕಳಿಗೆ ಡೌನ್ ಇರುತ್ತದೆ, ಆ ಹತ್ತೂ ಸಿಗುತ್ತವೆ. ಸಾವಿರಕ್ಕೆ ಒಂದರಂತೆ ಸುಳ್ಳು ಎಚ್ಚರಿಕೆ ಬಂದರೆ ಅದೂ 10. ಅಂದರೆ ಪಾಸಿಟಿವ್ ಬಂದ 20 ಜನರಲ್ಲಿ ಅರ್ಧದಷ್ಟು ಮಕ್ಕಳು ಸರಿಯಾಗೇ ಇರುತ್ತಾರೆ. ಟೆಸ್ಟ್ ಕೆಟ್ಟದ್ದು ಅಂತಲ್ಲ, ಡೌನ್ ಅಪರೂಪ ಅಷ್ಟೇ. ಅದಕ್ಕೇ ಎನ್‌ಐಪಿಟಿ ಪಾಸಿಟಿವ್ ಬಂದರೂ ಖಚಿತ ಮಾಡಿಕೊಳ್ಳಲು ಸೂಜಿಯ ಟೆಸ್ಟ್ ಬೇಕೇ ಬೇಕು.

ಕಷ್ಟ ಅಂದರೆ ದುಡ್ಡು. ಖಾಸಗಿ ಲ್ಯಾಬಿನಲ್ಲಿ ಇದಕ್ಕೆ ಹಲವು ಸಾವಿರ ರೂಪಾಯಿ. ಆಸ್ಪತ್ರೆಯಲ್ಲಿ ಸಮಾಜಸೇವಾ ವಿಭಾಗ ಇರುತ್ತದೆ. ನಾಚಿಕೆ ಬಿಟ್ಟು ಅಲ್ಲಿ ಒಮ್ಮೆ ಕೇಳಿ ನೋಡಿ.

ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುತ್ತಾರಂತೆ. ಆ ಸೂಜಿಯಿಂದ ನನ್ನ ಎಚ್‌ಐವಿ ಮಗುವಿಗೆ ಹೋದರೆ?

ಎಲ್ಲರೂ ಕಡೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೇ.

ಟೆಸ್ಟಿನ ಹೆಸರು ಆಮ್ನಿಯೋಸೆಂಟೆಸಿಸ್. 15 ವಾರ ತುಂಬಿದ ಮೇಲೆ, ಸೋನೋಗ್ರಫಿ ನೋಡುತ್ತಾ, ತೆಳ್ಳಗಿನ ಸೂಜಿಯಿಂದ ಮಗುವಿನ ಸುತ್ತಲಿನ ನೀರು ಸ್ವಲ್ಪ ತೆಗೆಯುತ್ತಾರೆ. ಆ ನೀರಿನಲ್ಲಿ ಮಗುವಿನ ಜೀವಕೋಶ ಇರುತ್ತವೆ. ಎಚ್‌ಐವಿ ಇದ್ದರೂ ಇಲ್ಲದಿದ್ದರೂ ಇದರಿಂದ ಗರ್ಭಪಾತವಾಗುವ ಸಣ್ಣ ಅಪಾಯ ಇದೆ, 200ರಲ್ಲಿ 1 ಅಥವಾ ಅದಕ್ಕಿಂತ ಕಡಿಮೆ.

ಎಚ್‌ಐವಿಯ ಮಾತಿಗೆ ಬರೋಣ. ಈಗಿನ ಔಷಧ ಬರುವ ಮುಂಚೆ ಭಯ ನಿಜವಾಗಿತ್ತು. ಸೂಜಿ ಹಾಕಿಸಿಕೊಂಡ ತಾಯಂದಿರ ಮಕ್ಕಳಿಗೆ ಸೋಂಕು ಹೆಚ್ಚು ದಾಟಿತ್ತು. ಆ ಕಾಲದ ಮಾತು ಇನ್ನೂ ಕೆಲವು ಡಾಕ್ಟರುಗಳ ತಲೆಯಲ್ಲಿ ಉಳಿದಿದೆ. ಒಂದು ಕಡೆ ನಮ್ಮ ಹುಡುಗಿಗೆ ‘ಎಚ್‌ಐವಿ ಇದ್ದರೆ ಈ ಟೆಸ್ಟ್ ಮಾಡುವುದೇ ಇಲ್ಲ’ ಅಂದರು. ಕತೆ ಈಗ ಹಾಗಿಲ್ಲ. ತಾಯಿ ಎಆರ್‌ಟಿ ಗುಳಿಗೆ (ಎಚ್‌ಐವಿಯ ಔಷಧ) ಸರಿಯಾಗಿ ತೆಗೆದುಕೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಇಳಿದಿದ್ದರೆ, ಸೂಜಿಯಿಂದಾಗಿ ಸೋಂಕು ದಾಟುವುದು ಹೆಚ್ಚಾಗಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಅಪಾಯ ಪೂರ್ತಿ ಸೊನ್ನೆ ಅಂತ ಯಾರೂ ಬರೆದುಕೊಡುವುದಿಲ್ಲ. ಆದರೆ ಬಹಳ ಸಣ್ಣದು.

ಹಾಗಾಗಿ ನಿಮ್ಮ ಪ್ರಶ್ನೆ ‘ಸೂಜಿ ಹಾಕಬಹುದಾ’ ಅಂತ ಇರಬಾರದು. ‘ನನ್ನ ವೈರಲ್ ಲೋಡ್ ಈಗ ಎಷ್ಟು’ ಅಂತ ಇರಬೇಕು. ಬ್ರಿಟನ್ನಿನ ಎಚ್‌ಐವಿ ವೈದ್ಯರ ಮಾರ್ಗಸೂಚಿ ಒಂದು ಮಿಲಿಲೀಟರ್ ರಕ್ತಕ್ಕೆ ವೈರಸ್ಸಿನ 50 ಕಾಪಿಗಿಂತ ಕೆಳಗೆ ಇಳಿಯುವವರೆಗೆ ಸೂಜಿ ಮುಂದೂಡಿ ಅನ್ನುತ್ತದೆ. ಇಲ್ಲೊಂದು ಗೋಜಲಿದೆ. ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ 1,000ಕ್ಕಿಂತ ಕಡಿಮೆ ಬಂದರೆ ‘ಕಂಟ್ರೋಲಿನಲ್ಲಿದೆ’ ಅನ್ನುತ್ತಾರೆ. ಗುಳಿಗೆ ಕೆಲಸ ಮಾಡುತ್ತಿದೆ ಅನ್ನಲು ಆ ಗೆರೆ. ಸೂಜಿಗೆ ಮುಂಚೆ ‘ಕಂಟ್ರೋಲ್’ ಎಂಬ ಮಾತು ಸಾಲದು, ಅಂಕಿಯನ್ನೇ ಕೇಳಿ. ‘ಟಾರ್ಗೆಟ್ ನಾಟ್ ಡಿಟೆಕ್ಟೆಡ್’ (ಟೆಸ್ಟಿಗೆ ವೈರಸ್ ಸಿಗಲಿಲ್ಲ) ಅಂತ ಬರೆದಿದ್ದರೆ ತುಂಬಾ ಒಳ್ಳೆಯದು.

ಇನ್ನೊಂದು ಗೋಜಲು ಹೊತ್ತಿನದು. ಬಸುರಿಯರಿಗೆ ವೈರಲ್ ಲೋಡ್ ಟೆಸ್ಟ್ ವಾಡಿಕೆಯಂತೆ 32ರಿಂದ 36ನೇ ವಾರದ ನಡುವೆ ಇರುತ್ತದೆ. ಅದು ಹೆರಿಗೆಯ ಲೆಕ್ಕಕ್ಕೆ. ನಿಮಗೆ ಅಂಕಿ ಬೇಕಾಗಿರುವುದು ನಾಲ್ಕನೇ ತಿಂಗಳಲ್ಲಿ! ಹಾಗಾಗಿ ಡಬಲ್ ಮಾರ್ಕರ್ ಬರೆದ ದಿನವೇ ಎಆರ್‌ಟಿ ಕೇಂದ್ರಕ್ಕೆ ಹೋಗಿ, ‘ಸೂಜಿಯ ಟೆಸ್ಟ್ ಬೇಕಾಗಬಹುದು, ಈಗಲೇ ವೈರಲ್ ಲೋಡ್ ಮಾಡಿಸಿ’ ಎನ್ನಿ. ಅದು ಅಲ್ಲಿ ಉಚಿತ. ಸ್ತ್ರೀರೋಗ ವಿಭಾಗದವರು ಎಆರ್‌ಟಿಯವರಿಗೆ ಒಂದು ಚೀಟಿ ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ. ಒಂದೇ ಆವರಣದಲ್ಲಿದ್ದರೂ ಈ ಎರಡು ವಿಭಾಗಗಳು ತಾವಾಗಿ ಮಾತಾಡಿಕೊಳ್ಳುತ್ತವೆ ಅಂತ ನಂಬಿ ಕೂರಬೇಡಿ.

ಸೂಜಿ ಹಾಕುವ ಡಾಕ್ಟರಿಗೆ ಎಚ್‌ಐವಿ ವಿಷಯ ತಿಳಿದಿರಲೇಬೇಕು. ಅವರು ಮಾಸನ್ನು ತಪ್ಪಿಸಿ ಬೇರೆ ದಾರಿಯಲ್ಲಿ ಸೂಜಿ ಇಳಿಸುತ್ತಾರೆ. ಹೆಪಟೈಟಿಸ್ ಬಿ ಅಥವಾ ಸಿ ಇದ್ದರೆ ಅದನ್ನೂ ಹೇಳಿ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ.

ಮೂರನೇ ತಿಂಗಳಲ್ಲೇ ಮಾಸಿನ ಚೂರು ತೆಗೆಯುವ ಸಿವಿಎಸ್ ಅಂತ ಇನ್ನೊಂದಿದೆ. ಎಚ್‌ಐವಿ ಇರುವವರಲ್ಲಿ ಅದರ ಅನುಭವ ಕಡಿಮೆ. ಸ್ವಲ್ಪ ಕಾದು ನೀರಿನ ಟೆಸ್ಟ್ ಮಾಡಿಸುವುದೇ ಮೇಲು ಅನಿಸುತ್ತದೆ.

ಬಸುರಿಯಾದ ಮೇಲೇ ಎಚ್‌ಐವಿ ಗೊತ್ತಾಯಿತು. ಈಗ 12 ವಾರ, ಡಬಲ್ ಮಾರ್ಕರ್ ಹೈ ರಿಸ್ಕ್. ಎರಡೂ ಒಟ್ಟಿಗೆ ತಲೆ ಮೇಲೆ ಬಿತ್ತು.

ನಿಮ್ಮ ಸಂಕಟ ಅರ್ಥವಾಗುತ್ತದೆ ತಂಗಿ. ಇಂಥದೇ ಒಬ್ಬಳನ್ನು ನಾನು ದಾದರ್ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ತಾಸು ಕೂರಿಸಿಕೊಂಡಿದ್ದೆ. ಅತ್ತು ಮುಗಿದ ಮೇಲೆ ವಾರಗಳನ್ನು ಎಣಿಸಿದೆವು. ನೀವೂ ಎಣಿಸಿ.

ಗುಳಿಗೆ ಇವತ್ತೇ ಶುರು ಮಾಡಿ. ಈಗ ಕೊಡುವ ಟಿಎಲ್‌ಡಿ ಎಂಬ ಗುಳಿಗೆಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧ ಇದೆ. ಅದು ವೈರಸ್ಸನ್ನು ಬಲು ಬೇಗ ಇಳಿಸುತ್ತದೆ. ಎಷ್ಟೋ ಜನಕ್ಕೆ ಒಂದೆರಡು ತಿಂಗಳಲ್ಲೇ 50ರ ಕೆಳಗೆ ಬರುತ್ತದೆ. ಈ ನಡುವೆ ಎನ್‌ಐಪಿಟಿ ಆಗುವುದಾದರೆ ಮಾಡಿಸಿ. ಅದು ನೆಗೆಟಿವ್ ಬಂದರೆ ಸೂಜಿಯ ಮಾತು ಅಲ್ಲಿಗೇ ನಿಲ್ಲಬಹುದು. ಪಾಸಿಟಿವ್ ಬಂದರೆ 17–18ನೇ ವಾರಕ್ಕೆ ವೈರಲ್ ಲೋಡ್ ನೋಡಿ ನೀರಿನ ಟೆಸ್ಟ್. 21, 18, 13ರ ಬೇಗನೆಯ ಫಲಿತಾಂಶ ಕೆಲವೇ ದಿನಗಳಲ್ಲಿ ಬರುತ್ತದೆ. ಎಲ್ಲ ಕ್ರೋಮೋಸೋಮ್ ಎಣಿಸಿದ ಪೂರ್ತಿ ರಿಪೋರ್ಟಿಗೆ ಎರಡು-ಮೂರು ವಾರ ಬೇಕು. ಹೊತ್ತು ಬಿಗಿ ಇದೆ, ಆದರೆ ಇದೆ.

ಕಾಯಲು ಆಗದೇ ಇದ್ದರೆ ಹೆಚ್ಚುವರಿ ಔಷಧದ ರಕ್ಷಣೆ ಕೊಟ್ಟು ಸೂಜಿ ಹಾಕುವ ದಾರಿಯೂ ಇದೆ. ಅದನ್ನು ಎಚ್‌ಐವಿ ಡಾಕ್ಟರ್ ಮತ್ತು ಹೆರಿಗೆ ಡಾಕ್ಟರ್ ಇಬ್ಬರೂ ಕೂತು ನಿರ್ಧರಿಸಬೇಕು.

ಗುಳಿಗೆಯಿಂದ ಮಗುವಿಗೆ ದೋಷ ಬರುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಮೂರು ತಿಂಗಳು ನಿಲ್ಲಿಸಲಾ?

ದಯವಿಟ್ಟು ನಿಲ್ಲಿಸಬೇಡಿ. ಆ ಸುದ್ದಿಯ ಮೂಲ 2018ರದು. ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಡೊಲುಟೆಗ್ರಾವಿರ್ ತೆಗೆದುಕೊಂಡವರ ಮಕ್ಕಳಲ್ಲಿ ಬೆನ್ನುಹುರಿಯ ದೋಷ ಹೆಚ್ಚಿದೆಯೇನೋ ಎಂಬ ಅನುಮಾನ ಬಂದಿತ್ತು. ಇನ್ನೂ ಹೆಚ್ಚು ಹೆರಿಗೆಗಳ ಲೆಕ್ಕ ಸಿಕ್ಕ ಮೇಲೆ ಆ ಅನುಮಾನ ಕರಗಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರಿಗೂ ಸೇರಿ ಎಲ್ಲರಿಗೂ ಇದೇ ಔಷಧ ಎಂದಿತು. ಬೆನ್ನುಹುರಿಯ ದೋಷ ಕ್ರೋಮೋಸೋಮಿನದೂ ಅಲ್ಲ. ಅದಕ್ಕೆ ಫೋಲಿಕ್ ಆಸಿಡ್ ಇದೆ.

ಇದರ ಜೊತೆಗೇ ಒಂದು ಸಣ್ಣ ವಿಷಯ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆ ಸೇರಿದರೆ ಅದರ ಬಲ ಕುಗ್ಗುತ್ತದೆ. ಊಟದ ಜೊತೆ ಆದರೆ ಒಟ್ಟಿಗೆ ನುಂಗಬಹುದು. ಇಲ್ಲದಿದ್ದರೆ ಎಚ್‌ಐವಿ ಗುಳಿಗೆ 2 ತಾಸು ಮುಂಚೆ, ಅಥವಾ 6 ತಾಸು ಆದ ಮೇಲೆ. ವೈರಲ್ ಲೋಡ್ ಯಾಕೋ ಇಳಿಯುತ್ತಿಲ್ಲ ಅನ್ನುವವರು ಇದನ್ನು ಒಮ್ಮೆ ನೋಡಿಕೊಳ್ಳಿ.

ನನ್ನ ವಿಷಯ ಯಾರ್ಯಾರಿಗೆ ಹೇಳಬೇಕು? ನಮ್ಮ ಚಾಳಿನಲ್ಲಿ ಗೊತ್ತಾದರೆ ಬದುಕೋದು ಕಷ್ಟ.

ಹೊಟ್ಟೆಯ ಮೇಲಿಂದ ಮಾಡುವ ಸೋನೋಗ್ರಫಿಗೆ ಎಚ್‌ಐವಿ ವಿಷಯ ಬೇಕಾಗುವುದೇ ಇಲ್ಲ. ರಕ್ತ ತೆಗೆಯುವವರು ಎಲ್ಲರಿಗೂ ಒಂದೇ ಎಚ್ಚರಿಕೆ ತೆಗೆದುಕೊಳ್ಳಬೇಕು. ಡಬಲ್ ಮಾರ್ಕರ್ ರಿಪೋರ್ಟ್ ನೋಡಿ ಅರ್ಥ ಹೇಳುವ ಡಾಕ್ಟರ್, ಸೂಜಿ ಹಾಕುವ ಡಾಕ್ಟರ್, ಇವರಿಗೆ ತಿಳಿದಿರಲಿ.

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ನಿಮ್ಮ ವಿಷಯ ಗುಟ್ಟಾಗಿ ಇಡುವುದು ಅವರ ಕರ್ತವ್ಯ. ಕಾಯ್ದೆ ಹಾಗಿದೆ. ನಡೆಯುವುದು ಯಾವಾಗಲೂ ಹಾಗಿಲ್ಲ. ಒಂದು ಆಸ್ಪತ್ರೆಯಲ್ಲಿ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಕಾರಿಡಾರಿನಲ್ಲಿ ಕೂಗಿ ಕರೆದರು. ನಾನು ಜಗಳ ಮಾಡಿದೆ. ಫೈಲಿನ ಹೊದಿಕೆ ಬದಲಾಯಿತು, ಕೇಳಿಸಿಕೊಂಡ ಕಿವಿಗಳನ್ನು ಬದಲಾಯಿಸಲು ಆಗಲಿಲ್ಲ. ನಿಮಗೂ ಹಾಗಾದರೆ ಮುಂಬೈ ಜಿಲ್ಲಾ ಏಡ್ಸ್ ನಿಯಂತ್ರಣ ಸಂಸ್ಥೆಗೆ ದೂರು ಕೊಡಿ. ಅದರ ಕಚೇರಿ ವಡಾಳಾದಲ್ಲಿದೆ. ಎಚ್‌ಐವಿ ಸಹಾಯವಾಣಿ 1097ಕ್ಕೆ ಉಚಿತವಾಗಿ ಫೋನ್ ಮಾಡಿ ಮಾಹಿತಿ ಕೇಳಬಹುದು.

ಇನ್ನೊಂದು ಹಕ್ಕು ನಮ್ಮವರಿಗೆ ಗೊತ್ತೇ ಇಲ್ಲ. ನೀರಿನ ಟೆಸ್ಟಿಗೆ ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಬರೆಸಿಕೊಳ್ಳಬೇಕು, ಅದರ ಪ್ರತಿ ನಿಮಗೆ ಕೊಡಬೇಕು ಅಂತ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲೇ (ಹುಟ್ಟುವ ಮುಂಚಿನ ಟೆಸ್ಟುಗಳ ಕಾಯ್ದೆ) ಇದೆ. ಮರಾಠಿ ಕಾಗದಕ್ಕೆ ಸುಮ್ನೆ ಹೆಬ್ಬೆಟ್ಟು ಒತ್ತಬೇಡಿ.

ಇಷ್ಟೆಲ್ಲ ಟೆಸ್ಟ್ ಮಾಡಿದ ಮೇಲೆ ಗಂಡೋ ಹೆಣ್ಣೋ ಅಂತಲೂ ಹೇಳಬಹುದಲ್ವಾ?

ಹೇಳುವುದಿಲ್ಲ. ಅದೇ ಕಾಯ್ದೆಯಲ್ಲಿ ಅದು ಅಪರಾಧ. ಕೇಳಲೂಬೇಡಿ.

ಆ ನೀರಿನಲ್ಲೇ ಮಗುವಿಗೆ ಎಚ್‌ಐವಿ ಇದೆಯಾ ಅಂತ ನೋಡಲು ಬರುತ್ತದಾ?

ಅದನ್ನು ಹಾಗೆ ನೋಡುವುದಿಲ್ಲ. ಮಗು ಹುಟ್ಟಿದ 6 ವಾರಕ್ಕೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಟೆಸ್ಟ್ ಮಾಡುತ್ತಾರೆ. ಕೊನೆಯ ಟೆಸ್ಟ್ 18 ತಿಂಗಳಿಗೆ. ನಿಮ್ಮ ಗುಳಿಗೆ, ಡಾಕ್ಟರ್ ಹೇಳಿದಷ್ಟು ದಿನ ಮಗುವಿನ ಸಿರಪ್, ಎರಡೂ ತಪ್ಪಬಾರದು. ಔಷಧವೇ ಇಲ್ಲದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ಎಚ್‌ಐವಿ ದಾಟುತ್ತದೆ. ಸರಿಯಾಗಿ ತೆಗೆದುಕೊಂಡರೆ 5ಕ್ಕಿಂತ ಕಡಿಮೆ. ವೈರಲ್ ಲೋಡ್ ಪೂರ್ತಿ ಇಳಿದಿದ್ದರೆ ಒಂದಕ್ಕಿಂತಲೂ ಕಡಿಮೆ.

ಡೌನ್ ಇದೆ ಅಂತ ಖಚಿತವಾದರೆ ಏನು ಮಾಡಬೇಕು?

‘ಮಾಡಬೇಕು’ ಅನ್ನುವುದು ಏನೂ ಇಲ್ಲ. ಡೌನ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಕಲಿಕೆ ನಿಧಾನ. ಆದರೆ ನಗುತ್ತಾರೆ, ಶಾಲೆಗೆ ಹೋಗುತ್ತಾರೆ, ಕೆಲಸ ಕಲಿಯುತ್ತಾರೆ. ಕೆಲವರು ಮೊದಲೇ ತಿಳಿದು ತಯಾರಾಗಲಿಕ್ಕೆ ಟೆಸ್ಟ್ ಮಾಡಿಸುತ್ತಾರೆ. ಕೆಲವರು ಮುಂದುವರಿಸುವುದಿಲ್ಲ. ಎರಡನ್ನೂ ಕಂಡಿದ್ದೇನೆ, ಎರಡೂ ಮನೆಗಳಲ್ಲಿ ಊಟ ಮಾಡಿದ್ದೇನೆ.

ಕಾನೂನಿನ ಮಾತು ಹೇಳಿಬಿಡುತ್ತೇನೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಕೆಲವು ಕಾರಣಗಳಿಗೆ ಇಬ್ಬರದು ಬೇಕು, ಮಗುವಿನ ಗಂಭೀರ ದೋಷ ಆ ಕಾರಣಗಳಲ್ಲಿ ಒಂದು. 24ರ ನಂತರ ಮೆಡಿಕಲ್ ಬೋರ್ಡ್ ಒಪ್ಪಬೇಕು. ವಯಸ್ಸಿಗೆ ಬಂದ ಹೆಣ್ಣಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಯಾರೂ ನಿಮ್ಮನ್ನು ಗರ್ಭಪಾತಕ್ಕೆ ಒತ್ತಾಯ ಮಾಡುವಂತಿಲ್ಲ.

ಏಳನೇ ತಿಂಗಳಿಗೆ ತವರಿಗೆ ಹೋಗಬೇಕು. ಹೋಗಬಹುದಾ?

ಧಾರಾಳವಾಗಿ ಹೋಗಿ. ಕಲಬುರಗಿ, ವಿಜಯಪುರ, ಉಡುಪಿ, ಎಲ್ಲ ಕಡೆ ಎಆರ್‌ಟಿ ಕೇಂದ್ರ ಇದೆ. ಹೊರಡುವ ಮುಂಚೆ ಇಲ್ಲಿನ ಕೇಂದ್ರದಲ್ಲಿ ಹೇಳಿ ವರ್ಗಾವಣೆ ಚೀಟಿ ಬರೆಸಿಕೊಳ್ಳಿ. ಒಂದು ತಿಂಗಳಿಗಾಗುವಷ್ಟು ಗುಳಿಗೆ ಕೈಯಲ್ಲಿರಲಿ. ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್, ಅನಾಮಲಿ ಸ್ಕ್ಯಾನ್, ವೈರಲ್ ಲೋಡ್, ಎಲ್ಲ ರಿಪೋರ್ಟುಗಳನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. 32ನೇ ವಾರದ ನಂತರದ ವೈರಲ್ ಲೋಡ್ ಅಲ್ಲಿ ಮಾಡಿಸುವುದು ಮರೆಯಬೇಡಿ. ಮತ್ತೆ ಆ ಎಆರ್‌ಟಿ ಪುಸ್ತಕ. ಅದನ್ನು ಸೀಮಂತದ ಸೀರೆ ಇಟ್ಟ ಟ್ರಂಕಿನಲ್ಲಿ ಇಡಬೇಡಿ, ಅದನ್ನು ಯಾರು ಬೇಕಾದರೂ ತೆಗೆಯುತ್ತಾರೆ. ನಿಮ್ಮ ಕೈಚೀಲದಲ್ಲೇ ಇರಲಿ.